ಹಗೇವಿಗೆ ಇಳಿಬಿಟ್ಟ ಕಂದೀಲು

ಚಿತ್ತವಾಡ್ಗಿಯ ಈಗಿನ ಮನೆಯಲ್ಲಿ ಜೋಳದ ಡಬ್ಬಿಯಿಂದ ಮುಗ್ಗಲು ವಾಸನೆ ಬಂದರೆ ಈಗಲೂ ನನ್ನ ಕೈ ಮುಚ್ಚಳದ ಮೇಲೆಯೇ ನಿಂತುಬಿಡುತ್ತದೆ.

ಚೋರನೂರಿನ ನಮ್ಮ ಹಳೇ ಮನೆಯನ್ನು ಅಜ್ಜ ಗೌಡರಿಂದ ಕೊಂಡು ಎಷ್ಟೋ ವರ್ಷವಾಗಿದ್ದರೂ ಊರವರ ಬಾಯಲ್ಲಿ ಅದು ಗೌಡರ ಮನೆಯೇ. ಅವರು ಯಾಕೆ ಮಾರಿದರೆಂದು ಕೇಳಿದರೆ ಅಜ್ಜಿ ಮಾತು ಮರೆಸುತ್ತಿದ್ದಳು. ಅಂಗಳದಲ್ಲಿ ಅವರ ಕಾಲದ ಹಗೇವು ಇತ್ತು. ಜೋಳ ತುಂಬಿಡುವ, ಎರಡಾಳು ಆಳದ ಗುಂಡಿ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಅದರ ಬಾಯಿಯ ಕಲ್ಲು ಸರಿಸಿದಾಗ ಬಿಸಿ ಮುಗ್ಗಲು ಮುಖಕ್ಕೆ ಬಡಿಯಿತು. ಇಳಿಯಲು ನಿಂತ ಕಾಕಾನನ್ನು ಅಜ್ಜಿ ತಡೆದಳು.

"ತಡಿ. ದೀಪ ಆರಿದ್ರ ಒಳಗ ಕೆಟ್ಟ ಗಾಳಿ ಐತಂತ ತಿಳಿ."

ಹಗ್ಗ ಕಟ್ಟಿ ಇಳಿಬಿಟ್ಟ ಕಂದೀಲು ಅರ್ಧಕ್ಕೇ ಆರಿತು. ಅಜ್ಜಿ ನನ್ನ ಕಡೆ ತಿರುಗಿದಳು.

"ಎಣ್ಣಿ ಹಾಕಿದ್ಯಾ ಇಲ್ಲೋ?"

ಕಂಠಮಟ ಹಾಕಿದ್ದೆ. ಹಾಕುವಾಗ ಅರ್ಧ ಡಬ್ಬಿ ಸೀಮೆಎಣ್ಣೆ ಚೆಲ್ಲಿ, ಮೇಲೆ ಬೂದಿ ಮುಚ್ಚಿ ಬಂದಿದ್ದೆ. ಹಾಕಿದೆನೆಂದರೆ ಚೆಲ್ಲಿದ್ದೂ ನಾನೇ ಎಂದು ಗೊತ್ತಾಗುತ್ತಿತ್ತು.

"ಇಲ್ಲಬೇ, ಮರ್ತೆ," ಅಂದೆ.

"ಅದಕ್ಕ ಆರೇತಿ, ತಗಿ," ಎನ್ನುತ್ತ ಕಾಕಾ ಏಣಿಗೆ ಕಾಲಿಟ್ಟ. ಅವನ ಸೊಂಟ ಕತ್ತಲಲ್ಲಿ ಮುಳುಗಿತು. ಎದೆಯೂ ಮುಳುಗಿತು.

"ಹಾಕೀನಿ ಕಾಕಾ, ತುಂಬ ಹಾಕೀನಿ," ಎಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದೆ.

ಅವನು ಮೇಲೆ ಬಂದ. ಯಾರೂ ಬೈಯಲಿಲ್ಲ. ಅಜ್ಜಿ ಕಂದೀಲು ಎಳೆದುಕೊಂಡು ಅಲ್ಲಾಡಿಸಿದಳು. ಒಳಗೆ ಎಣ್ಣೆ ಕುಲುಕಿತು.

"ಅವತ್ತು ಗೌಡರ ಮಗನ್ನ ಯಾರರ ಹಿಂಗ ಹಿಡದು ಜಗ್ಗಿದ್ರ," ಅಂದಳು, "ಈ ಮನಿ ನಮಗ ಬರ್ತಿರ್ಲಿಲ್ಲ."