ಗುಂಡಿ ಒಂದೇ ಬಾಕಿ

ಡ್ರೈವರಣ್ಣನ ಸೊಂಟಕ್ಕೆ ಸುತ್ತಿದ ಟೇಪು ಹೋದ ವರ್ಷದ ಅಳತೆಗಿಂತ ಗೇಣುದ್ದ ಒಳಗೇ ಕೂಡಿಕೊಂಡಾಗ, ಟೈಲರ್ ಅಲ್ಲಿದ್ದ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿದ. ಡ್ರೈವರಣ್ಣ ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಗಿತ್ತಷ್ಟೆ.

"ತುಂಬಾ ಇಳಿದುಹೋಗಿದೀನಾ?" ಕನ್ನಡಿಯ ಕಡೆ ನೋಡದೆ ಕೇಳಿದ.

"ಈ ಟೇಪು ಹಳೇದಣ್ಣ. ಎಳೆದೂ ಎಳೆದೂ ಹಿಗ್ಗಿಹೋಗಿದೆ. ಇದರ ಲೆಕ್ಕ ನಂಬೋ ಹಾಗಿಲ್ಲ."

ಹಾರಿಕೆಯ ಮಾತಿನಲ್ಲಿ ಟೈಲರನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಬಟ್ಟೆಗೆ ಇನ್ನೂ ಕತ್ತರಿ ಸೋಕದಿದ್ದರೂ 'ಗುಂಡಿ ಹಾಕೋದೊಂದೇ ಬಾಕಿ' ಎಂದು ತಿಂಗಳುಗಟ್ಟಲೆ ತೇಲಿಸುತ್ತಿದ್ದ. ಅವನಿಗೆ 'ಗುಂಡಿರಾಯ' ಎಂದು ಹೆಸರಿಟ್ಟವನೇ ಡ್ರೈವರಣ್ಣ.

ಟೇಪಿನ ಮಾತು ಕೇಳಿ ಡ್ರೈವರಣ್ಣನ ಮುಖದಲ್ಲಿ ಕೊಂಚ ಗೆಲುವು ಬಂತು. "ಹೋಗಲಿ, ಪ್ಯಾಂಟು ಯಾವಾಗ ಕೊಡ್ತೀಯ ಗುಂಡಿರಾಯ? ನಿಜ ಹೇಳು."

ಟೈಲರ್ ಅವನ ಬಟ್ಟೆಯನ್ನು ಮೂಲೆಯ ರಾಶಿಗೆ ಸೇರಿಸದೆ ಸೀದಾ ಮೆಷಿನ್ನಿನ ಮೇಲಿಟ್ಟ. "ಇವತ್ತು ಸಂಜೆಗೇ ಕೊಟ್ಟುಬಿಡ್ತೀನಣ್ಣ."

ಡ್ರೈವರಣ್ಣನ ನಗು ಅಲ್ಲೇ ನಿಂತಿತು. ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನೊಮ್ಮೆ, ಟೈಲರನ ಮುಖವನ್ನೊಮ್ಮೆ ನೋಡಿದ.

"ಅಷ್ಟು ಅವಸರ ಇದೆ ಅನ್ನಿಸ್ತಾ ನಿನಗೆ?" ಎಂದು ಮೆಲ್ಲಗೆ ಕೇಳಿದ.