ನಾನು ಮುಟ್ಟಿದ ಬಂಗಡೆ

ಒಣಮೀನಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ಸಿಟ್ಟಿನಿಂದ ಬಿಸಿಯಾಗುತ್ತದೆ.

ಚಿಕ್ಕವಳಿದ್ದಾಗ, ಭಾವಿಕೇರಿಯ ಅತ್ತೆ ಬಂಗಡೆಗೆ ಉಪ್ಪು ಹಾಕಲು ಕೂತರೆ ನನ್ನನ್ನು ದೂರ ಕೂರಿಸುತ್ತಿದ್ದಳು. "ನಿನ್ ಕೈ ಚಲೋ ಅಲ್ಲ. ನೀ ಮುಟ್ಟಿದ್ರೆ ಮೀನಿಗೆ ಹುಳ ಬೀಳ್ತದೆ." ನಾನೂ ನಂಬಿದ್ದೆ. ಯಾರ ಮನೆಗೆ ಹೋದರೂ ಕೈಗಳನ್ನು ಲಂಗದ ನೆರಿಗೆಯಲ್ಲಿ ಬಚ್ಚಿಡುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಭರಣಿಯ ಮುಚ್ಚಳ ತೆಗೆದಳು. ಅವಳೊಬ್ಬಳೇ ಉಪ್ಪು ಹಾಕಿಟ್ಟ ಮೀನಿನ ಮೇಲೆ ಬಿಳಿ ಹುಳಗಳು ಹರಿದಾಡುತ್ತಿದ್ದವು.

"ನಾ ಮುಟ್ಲೇ ಇಲ್ಲ, ಅತ್ತೆ," ಎಂದೆ.

"ಮುಟ್ಲಿಲ್ಲ ಖರೆ. ನೋಡ್ತಾ ಕೂತಿದ್ಯಲ್ಲ!"

ಪಕ್ಕದ ಬುಟ್ಟಿಯಲ್ಲಿ ಹೊಸ ಬಂಗಡೆಯಿತ್ತು. ಮುಷ್ಟಿ ತುಂಬ ಉಪ್ಪು ತೆಗೆದು ಒಂದೊಂದರ ಹೊಟ್ಟೆಗೂ ತುರುಕಿದೆ.

"ಈಗ ಮುಟ್ದೆ. ಹುಳ ಬೀಳ್ತದಾ ನೋಡ್ವ!"

ಆ ಮಳೆಗಾಲವಿಡೀ ಅತ್ತೆ ಅದೇ ಮೀನನ್ನು ಚಪ್ಪರಿಸಿ ತಿಂದಳು.