ಸೊಟ್ಟ ಹೊಲಿಗೆ

ಹಿಂದಿನ ದೋಣಿಯಿಂದ ಕೋಟು ಹೊಲಿಯುವವನು ಮೂರನೇ ಸಲ ಕೂಗಿದ. "ಅಕ್ಕೋರೇ, ಇದ್ಯಾವ ಹೊಲಿಗೆ? ಬಿಚ್ಚಿಸಿ ಮತ್ತೆ ಹಾಕ್ಸಿ." ಅವನ ಹಿಂದಿದ್ದ ಆರು ದೋಣಿಗಳಲ್ಲೂ ಗೊಳ್ಳೆಂಬ ನಗು.

ಅಕ್ಕನಿಗೆ ಮೈಯೆಲ್ಲ ಉರಿಯಿತು. ದರ್ಜಿಗಳ ಸಂಘದ ನದಿ ವಿಹಾರ ಅದು. ಎಂಟು ಪುಟ್ಟ ಮೋಟಾರು ದೋಣಿ, ಒಂದೊಂದಕ್ಕೆ ಇಬ್ಬಿಬ್ಬರು, ಅವರವರ ದೋಣಿ ಅವರವರೇ ನಡೆಸಬೇಕು. ಎಲ್ಲರ ಮುಂದೆ ದಾರಿ ತೋರಿಸುವವನು ತನ್ನದೇ ದೋಣಿಯಲ್ಲಿದ್ದ. ನೀರಿನಡಿ ಮರಳುದಿಬ್ಬಗಳಿವೆ, ಯಾರೂ ಯಾರನ್ನೂ ಹಿಂದೆ ಹಾಕಬಾರದು, ಮುಂದಿನ ದೋಣಿ ಎಬ್ಬಿಸಿದ ನೊರೆಯ ಗೆರೆಯ ಮೇಲೇ ಬರಬೇಕು ಎಂದು ಹೊರಡುವಾಗಲೇ ತಾಕೀತು ಮಾಡಿದ್ದ. ಅವನ ಬೆನ್ನಿಗೇ ಅಕ್ಕನ ದೋಣಿ. ಆದರೆ ಮೋಟಾರಿನ ಹಿಡಿ ಇದ್ದದ್ದು ಅವಳ ತಮ್ಮನ ಕೈಯಲ್ಲಿ. ತಮ್ಮ ದರ್ಜಿಯಲ್ಲ, ಔಷಧಿ ಅಂಗಡಿಯವನು. ಐದು ತಿಂಗಳ ಹಿಂದೆ ಎದೆಯ ಆಪರೇಷನ್ ಆಗಿದ್ದ ಅಕ್ಕನ ಕಾವಲಿಗೆಂದು, ಮಾತ್ರೆಗಳ ಚೀಲ ನೇತುಹಾಕಿಕೊಂಡು ಬಂದಿದ್ದ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ ಎಂಬುದು ಒಂದು ಗಂಟೆಯಾದರೂ ಅವನ ತಲೆಗೆ ಹತ್ತಿರಲಿಲ್ಲ. ಹಿಂದೆ ನೀರಿನ ಮೇಲೆ ಅವನ ಗೆರೆ, ಕಲಿಯಲು ಬಂದ ಮೊದಲ ದಿನದ ಹೊಲಿಗೆಯಂತೆ, ಅತ್ತ ಒಮ್ಮೆ ಇತ್ತ ಒಮ್ಮೆ ಹೋಗುತ್ತಿತ್ತು. ಊರಿನ ಅಷ್ಟೂ ದರ್ಜಿಗಳು ಅದರ ಮೇಲೆಯೇ ಬರಬೇಕಾಗಿತ್ತು.

"ಹಿಡಿ ಇಲ್ಲಿ ಕೊಡೋ."

"ಸುಮ್ನೆ ಕೂತ್ಕೋ ಅಕ್ಕ. ನಿನ್ ಕೈಲಿ ಆಗಲ್ಲ."

ಐದು ತಿಂಗಳಿಂದ ಇದೇ ಮಾತು. ಎಲ್ಲ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ತಮ್ಮ ಇನ್ನೂ ಹೇಳಿರಲಿಲ್ಲ. ಅವಳ ಕೈಯಿಂದ ಮೊದಲು ನೀರಿನ ಬಕೆಟ್ ಹೋಯಿತು, ಆಮೇಲೆ ಕತ್ತರಿ. ಹೋದ ವಾರ ಅವಳ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬೀಗದ ಕೈಯನ್ನು ಅವನೇ ಜೇಬಿಗಿಳಿಸಿದ್ದ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ, ನಾಳಿನ ಹವಾಮಾನ ಹೇಳುವವನ ಹಾಗೆ, ಸೋಮವಾರದಿಂದ ಆ ಜಾಗಕ್ಕೆ ಮೊಬೈಲ್ ರಿಪೇರಿಯವನು ಬರುತ್ತಾನೆ, ಮಾತು ಕೊಟ್ಟಾಗಿದೆ ಎಂದಿದ್ದ. ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದೂ ಸೇರಿಸಿದ್ದ. ಇಪ್ಪತ್ತೆಂಟು ವರ್ಷ ಅವಳು ಬಾಗಿಲು ತೆಗೆದ ಅಂಗಡಿ.

ದೋಣಿ ಮತ್ತೊಮ್ಮೆ ವಾಲಿತು. ಹಿಂದಿನಿಂದ ಮತ್ತೊಮ್ಮೆ ನಗು. ಅಕ್ಕ ಕೈ ಚಾಚಿ, ತಮ್ಮನ ಮಣಿಕಟ್ಟಿನಿಂದ ಮೋಟಾರಿಗೆ ಸಿಕ್ಕಿಸಿದ್ದ ಕೆಂಪು ದಾರವನ್ನು ಹಿಡಿದು ಒಂದೇ ಸಲಕ್ಕೆ ಎಳೆದಳು. ನಡೆಸುವವನು ನೀರಿಗೆ ಬಿದ್ದರೆ ಮೋಟಾರು ತಾನಾಗಿ ನಿಲ್ಲಲಿ ಎಂದು ಕಟ್ಟುವ ದಾರ ಅದು. ಮೋಟಾರು ನಿಂತಿತು. ಹಿಂದಿನ ಏಳು ದೋಣಿಗಳೂ ವೇಗ ತಗ್ಗಿಸಿ, ಮುಂದೆ ಹೋಗುವಂತಿಲ್ಲದೆ, ನಿಂತಲ್ಲೇ ಗುರುಗುಟ್ಟತೊಡಗಿದವು.

"ಏನ್ ಮಾಡ್ದೆ ಅಕ್ಕ? ಎಲ್ರೂ ನೋಡ್ತಿದಾರೆ."

"ನೋಡ್ಲಿ. ನನ್ ಎದೆ ಮೇಲೆ ಡಾಕ್ಟ್ರು ಹಾಕಿರೋ ಹೊಲಿಗೆ ಕನ್ನಡೀಲಿ ನೋಡಿದೀನಿ ಕಣೋ. ಸೊಟ್ಟ. ಜೀವ ಉಳಿಸಿದಾರೆ ಅಂತ ಅದನ್ನ ಸಹಿಸ್ಕೊಂಡೆ. ನಿಂದು ಸಹಿಸಲ್ಲ. ಏಳು."

"ನಿಂಗೇನಾದ್ರೂ ಆದ್ರೆ?"

"ಆದ್ರೆ ನಂಗೆ ತಾನೆ ಆಗೋದು? ಏಳು ಅಂದೆ."

ದಾರಿ ತೋರಿಸುವವನು ದೋಣಿ ತಿರುಗಿಸಿಕೊಂಡು ಬಂದ. "ಏನಮ್ಮಾ, ಕೆಟ್ಟುಹೋಯ್ತಾ?"

"ಇಲ್ಲಪ್ಪ, ರಿಪೇರಿ ಆಗ್ತಿದೆ," ಎಂದಳು ಅಕ್ಕ.

ತಮ್ಮ ದಾರ ಬಿಚ್ಚಿಕೊಟ್ಟು, ಚೀಲ ಅವುಚಿಕೊಂಡು, ಬಗ್ಗಿ ಬಗ್ಗಿ ನಡುವಿನ ಹಲಗೆಗೆ ಬಂದು ಕೂತ. ಅಕ್ಕ ದಾರವನ್ನು ತನ್ನ ಮಣಿಕಟ್ಟಿಗೆ ಸುತ್ತಿ, ಮೋಟಾರಿಗೆ ಸಿಕ್ಕಿಸಿ, ಗುಂಡಿ ಒತ್ತಿದಳು. ಹಿಡಿಯ ಮೇಲೆ ಕೈ ಹಗುರವಾಗಿಟ್ಟಳು. ಬಟ್ಟೆಯನ್ನು ಎಳೆಯಬಾರದು, ಮಿಷನ್ನು ತೆಗೆದುಕೊಂಡಂತೆ ಬಿಡಬೇಕು ಎಂದು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳೋ ಏನೋ. ದೋಣಿ ಒಮ್ಮೆ ಮಾತ್ರ ಅಲುಗಿ, ಆಮೇಲೆ ಗೆರೆ ಹಿಡಿಯಿತು. ಎದೆಯೊಳಗೆ ಜೋರಾಗಿ ಬಡಿಯುತ್ತಿದ್ದುದು ಅವಳಿಗೆ ಕೇಳುತ್ತಲೇ ಇತ್ತು. ಬಡಿದುಕೊಳ್ಳಲಿ, ಅದಕ್ಕೆಂದೇ ಸರಿ ಮಾಡಿಸಿದ್ದು ಎಂದುಕೊಂಡಳು.

ಸುಮಾರು ದೂರ ಹೋದ ಮೇಲೆ ತಮ್ಮ ತಿರುಗಿ ಹಿಂದೆ ನೋಡಿದ. ನೊರೆ ದಾರ ಹಿಡಿದಂತೆ ನೆಟ್ಟಗೆ ಬಿದ್ದಿತ್ತು. ಕೋಟು ಹೊಲಿಯುವವನು ಅದರ ಮೇಲೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದ.

ದಡದ ಮೆಟ್ಟಿಲು ಕಾಣಿಸಿತು. ಅಕ್ಕ ನೀರಿನಿಂದ ಕಣ್ಣು ಕೀಳದೆ, ಖಾಲಿ ಇದ್ದ ಕೈಯನ್ನು ತಮ್ಮನ ಮುಂದೆ ಚಾಚಿದಳು.

"ಅಂಗಡಿ ಬೀಗದ ಕೈ."

"ದಡ ಸೇರ್ಲಿ ಅಕ್ಕ, ಆಮೇಲೆ ಕೂತು ಮಾತಾಡೋಣ."

ಚಾಚಿದ ಕೈ ನಿಧಾನವಾಗಿ ಹಿಂದಕ್ಕೆ ಬಂದು ಕೆಂಪು ದಾರವನ್ನು ಎರಡು ಬೆರಳಲ್ಲಿ ಹಿಡಿಯಿತು. "ಇಲ್ಲೇ ನಿಲ್ಲಿಸ್ಲಾ?"

ತಮ್ಮ ಹಿಂದಿದ್ದ ಏಳು ದೋಣಿಗಳನ್ನು ನೋಡಿದ, ಅಕ್ಕನ ಬೆರಳು ನೋಡಿದ. ಜೇಬಿಗೆ ಕೈ ಹಾಕಿದ.

ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕ ಹೇಳಿದಳು, "ಆ ಮೊಬೈಲ್‌ನೋನಿಗೆ ನಿನ್ ಅಂಗಡೀಲೇ ಒಂದ್ ಮೂಲೆ ಬಿಟ್ಕೊಡು. ಮಾತು ಕೊಟ್ಟಿರೋದು ನೀನು ತಾನೆ."